ಔಟ್‌ಹೌಸಿನವರು ಮತ್ತು ಕಬ್ಬಿಣದ ಕೋಣೆ

ಹೋದ ವಾರ ಕುಕ್ಕರಿನ ಗ್ಯಾಸ್ಕೆಟ್ ಹೋಯಿತು. ಕೆಲಸಕ್ಕೆ ಬರುವ ಹುಡುಗಿ ಫೋರ್ತ್ ಬ್ಲಾಕಿನ ಪಾತ್ರೆ ಅಂಗಡಿಯಿಂದ ಹೊಸದೊಂದು ತಂದುಕೊಟ್ಟಳು. ಕವರು ಹರಿದು ಕೈಗೆ ತೆಗೆದುಕೊಂಡೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆ ಕಟ್ಟೆಗೆ ಒರಗಿ ಸುಮ್ಮನೆ ನಿಂತುಬಿಟ್ಟೆ. ಇದೇ ವಾಸನೆಯ ಅಂಗಿಯೊಂದು ಒಂದು ಕಾಲಕ್ಕೆ ನಮ್ಮ ಹಿತ್ತಲಿನ ತಂತಿಯ ಮೇಲೆ ದಿನಗಟ್ಟಲೆ ತೂಗಾಡುತ್ತಿತ್ತು. ಎಷ್ಟು ಒಗೆದರೂ, ಎಷ್ಟು ಬಿಸಿಲಿಗೆ ಹಾಕಿದರೂ ಹೋಗದ ವಾಸನೆ… ಅದು ನಮ್ಮ ಔಟ್‌ಹೌಸಿನವರ ಅಂಗಿ.

ನಾನು ಮದುವೆಯಾಗಿ ನಂಜನಗೂಡಿನಿಂದ ಜಯನಗರಕ್ಕೆ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಆಗ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿನ ತುಂಬ ಎಕ್ಕದ ಗಿಡ, ಮೂಲೆಮೂಲೆಗೆ ನೆಟ್ಟ ಕಲ್ಲು. ಮಧ್ಯಾಹ್ನದ ಹೊತ್ತು ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ, ಬರೀ ಗಾಳಿ. ನಮ್ಮವರಿಗೆ ಸರ್ವೆ ಇಲಾಖೆಯಲ್ಲಿ ಕೆಲಸ. ತಿಂಗಳಲ್ಲಿ ಮುಕ್ಕಾಲು ಪಾಲು ಕ್ಯಾಂಪು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ನಮ್ಮತ್ತೆ. ಅತ್ತೆ ಒಳ್ಳೆಯವರು, ಆದರೆ ಊಟವಾಗಿ ಮಲಗಿದರೆಂದರೆ ಕಾಫಿ ಹೊತ್ತಿಗೇ ಏಳುವುದು. ಆ ಹೊತ್ತನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂರುತ್ತಿದ್ದೆ.

ಹಿತ್ತಲಿನಲ್ಲಿ ಹೆಂಚು ಹೊದಿಸಿದ ಔಟ್‌ಹೌಸು. ಒಂದೇ ಕೋಣೆ, ಪಕ್ಕದಲ್ಲಿ ಬಚ್ಚಲು. ನಮ್ಮ ಮಾವನವರು ಬದುಕಿದ್ದಾಗಲೇ ಅದನ್ನು ಆ ಅಂಗಿಯವರಿಗೆ ಬಾಡಿಗೆಗೆ ಕೊಟ್ಟಿದ್ದರಂತೆ. ನಲವತ್ತರ ಆಸುಪಾಸಿನ ವಯಸ್ಸು, ಎತ್ತರದ ಆಳು, ನಡೆಯುವಾಗ ತಲೆ ಸ್ವಲ್ಪ ಬಗ್ಗಿರುತ್ತಿತ್ತು. ಊರಿನ ಇನ್ನೊಂದು ತುದಿಯಲ್ಲಿದ್ದ ಒಂದು ಲ್ಯಾಬೊರೇಟರಿಯ ಸ್ಟೋರ್ಸಿನಲ್ಲಿ ಕೆಲಸ. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ನಾನು ಬಂದ ಮೇಲೆ ಒಂದು ವರ್ಷದ ತನಕ ಅವರ ಬಾಯಲ್ಲಿ ಕೇಳಿದ್ದು ಹ್ಞೂಂ, ಆಯ್ತು, ಏನಿಲ್ಲ… ಇಷ್ಟೇ. ಅತ್ತೆ ಹುಳಿ ಕಳಿಸಿದರೆ ಪಾತ್ರೆಯನ್ನು ಬೆಳಗಿ ಹಿತ್ತಿಲ ಬಾಗಿಲ ಬಳಿ ಇಟ್ಟು, ಕರೆಯದೆ ಹೋಗಿಬಿಡುವರು.

ಹೆಂಡತಿ ಇದ್ದಳು ಎಂದು ಹೇಳಿದವರು ಅತ್ತೆ. ಕನಕಪುರದ ಕಡೆಯ ಹೆಂಗಸು. ಮದುವೆಯಾಗಿ ಎರಡು ಮೂರು ವರ್ಷ ಇದೇ ಔಟ್‌ಹೌಸಿನಲ್ಲಿ ಇದ್ದಳಂತೆ. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ. ಒಂದು ದಿನ ಅತ್ತೆಯ ಹತ್ತಿರ ಬಂದು, "ಗೋಡೆ ಜೊತೇಲಿ ಎಷ್ಟು ದಿನ ಅಂತ ಬಾಳ್ಲಿ ಅಮ್ಮಾವ್ರೇ?" ಎಂದು ಕಣ್ಣೀರು ಹಾಕಿ, ಅಣ್ಣನ ಮನೆಗೆ ಹೋದವಳು ಹಿಂದಿರುಗಲಿಲ್ಲ.

"ಇವರು ಹೋಗಿ ಕರೀಲಿಲ್ವಾ?" ಎಂದು ಕೇಳಿದ್ದೆ.

"ಕರೆಯೋಕೆ ಬಾಯಿ ಬಿಡ್ಬೇಕಲ್ಲೇ," ಎಂದಿದ್ದರು ಅತ್ತೆ.

ಆಗ ಜಗತ್ತಿನಲ್ಲೆಲ್ಲ ಬಾಹ್ಯಾಕಾಶದ್ದೇ ಮಾತು. ರಷ್ಯಾದವನೊಬ್ಬ ಭೂಮಿಯನ್ನು ಸುತ್ತಿ ಬಂದಾಗಿತ್ತು. ಚಂದ್ರನ ಮೇಲೆ ಇನ್ನೂ ಯಾರೂ ಕಾಲಿಟ್ಟಿರಲಿಲ್ಲ. ನಮ್ಮವರೂ ಯಾವತ್ತೋ ಒಂದು ದಿನ ಹೋಗಬಹುದು ಎಂದು ಆ ಲ್ಯಾಬಿನಲ್ಲಿ ಕೆಲವರು ಏನೇನೋ ಪರೀಕ್ಷೆ ಶುರು ಮಾಡಿದ್ದರು ಎನ್ನುವುದು ನಮಗೆ ತಿಳಿದದ್ದೇ ಔಟ್‌ಹೌಸಿನವರಿಂದ. ಒಂದು ಸಂಜೆ ಬೀಗದ ಕೈ ಹಿಡಿದು ಹಿತ್ತಿಲ ಬಾಗಿಲಿಗೆ ಬಂದು ನಿಂತರು.

"ಒಂದು ವಾರ ಇರಲ್ಲ ಅಮ್ಮಾವ್ರೇ. ಕೀ ಇಟ್ಕೊಂಡಿರಿ."

"ಊರಿಗಾ?"

"ಅಲ್ಲ. ಲ್ಯಾಬಲ್ಲೇ. ಒಂದು ಕೋಣೇಲಿ ಕೂಡಿ ಹಾಕ್ತಾರೆ."

ಅತ್ತೆ ಗಾಬರಿಯಾಗಿ ಎದ್ದು ನಿಂತರು. ಕೇಳಿ ಕೇಳಿ ಬಾಯಿ ಬಿಡಿಸಿದ ಮೇಲೆ ಗೊತ್ತಾದದ್ದು ಇಷ್ಟು. ಕಬ್ಬಿಣದ ಒಂದು ಕೋಣೆ ಮಾಡಿದ್ದಾರೆ, ಬಾಗಿಲಿನ ಸುತ್ತ ದಪ್ಪ ರಬ್ಬರು ಕೂರಿಸಿ ಗಾಳಿಯಾಡದ ಹಾಗೆ ಮುಚ್ಚುತ್ತಾರೆ. ಒಳಗೆ ಒಂದು ಮಂಚ, ಒಂದು ದೀಪ, ಡಬ್ಬಿಯಲ್ಲಿಟ್ಟ ಊಟ. ಗಡಿಯಾರವಿಲ್ಲ, ಪೇಪರಿಲ್ಲ, ಮನುಷ್ಯರ ಮುಖವಿಲ್ಲ. ಅಂಥ ಕಡೆ ಒಬ್ಬನೇ ಇದ್ದರೆ ದೇಹಕ್ಕೂ ಬುದ್ಧಿಗೂ ಏನಾಗುತ್ತದೆ ಎಂದು ನೋಡಬೇಕು. ಯಾರು ಬರುತ್ತೀರಿ ಎಂದು ಕೇಳಿದಾಗ ಇಡೀ ಲ್ಯಾಬಿನಲ್ಲಿ ಇವರೊಬ್ಬರೇ ಕೈ ಎತ್ತಿದ್ದರು.

"ನಿಮಗೆ ಭಯ ಆಗಲ್ವಾ?" ನನ್ನ ಬಾಯಿಂದ ಬಂದುಬಿಟ್ಟಿತು. ಅವರ ಜೊತೆ ನಾನು ಆಡಿದ ಮೊದಲ ಮಾತು ಅದು.

ಅವರು ನೆಲ ನೋಡುತ್ತ, "ಒಬ್ಬನೇ ಇರೋದು ತಾನೇ?" ಎಂದರು.

ವಾರ ಕಳೆದು ಬಂದಾಗ ಗಡ್ಡ ಬೆಳೆದಿತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದರು. ಮೈಯಿಂದ ಆ ರಬ್ಬರಿನ ವಾಸನೆ. ಅತ್ತೆ ಅಯ್ಯೋ ಪಾಪ ಎಂದು ಕಾಫಿ ಕೊಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿದರು. ಕಾಫಿ ಕುಡಿದು ಲೋಟ ಇಟ್ಟು ಎದ್ದುಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಮಾತಾಡಲು ಶುರು ಮಾಡಿದರು.

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಕೋಣೆಯ ಗೋಡೆಯಲ್ಲಿ ಒಂದು ಪೆಟ್ಟಿಗೆ ಇತ್ತಂತೆ. ಗಂಟೆಗೊಮ್ಮೆ ಅದರೊಳಗಿಂದ ಡಾಕ್ಟರ ದನಿ ಬರುತ್ತಿತ್ತಂತೆ. ತಲೆನೋವಿದೆಯಾ, ಹಸಿವಿದೆಯಾ ಎಂದು ಕೇಳಿ, ಕೊನೆಗೆ ಯಾವಾಗಲೂ ಒಂದೇ ಪ್ರಶ್ನೆ: ಈಗ ಏನು ಯೋಚನೆ ಮಾಡ್ತಿದ್ದೀರಿ?

"ಮೊದಲ ದಿನ ಏನಿಲ್ಲ ಸಾರ್ ಅಂದೆ. ಹಾಗನ್ನೋ ಹಾಗಿಲ್ಲ, ಏನಾದ್ರೂ ಇದ್ದೇ ಇರುತ್ತೆ, ಅದನ್ನ ಹೇಳೋದೇ ನಿಮ್ಮ ಕೆಲಸ ಅಂದ್ರು. ಕೆಲಸ ಅಂದ ಮೇಲೆ ಮಾಡ್ಬೇಕಲ್ಲ… ಹೇಳ್ತಾ ಹೋದೆ. ಮುಂದಿನ ಗಂಟೆ ಯಾವಾಗ ಬರುತ್ತೆ ಅಂತ ಕಾಯೋ ಹಾಗಾಗೋಯ್ತು."

ಆಮೇಲೆ ನನ್ನ ಕಡೆಗೂ ಅಲ್ಲ, ಅತ್ತೆಯ ಕಡೆಗೂ ಅಲ್ಲ, ಬಾವಿಕಟ್ಟೆಯ ಕಡೆ ನೋಡುತ್ತ ಹೇಳಿದರು. "ನೋಡಿಮ್ಮಾ, ಅವಳೂ ಇದನ್ನೇ ಕೇಳ್ತಿದ್ಲು. ದಿನಾ ಕೇಳ್ತಿದ್ಲು. ಏನಿಲ್ಲ ಅಂತಿದ್ದೆ."

ಅಂದಿನಿಂದ ಸಂಜೆಗಳು ಬದಲಾದವು. ಸೈಕಲ್ ನಿಲ್ಲಿಸಿ, ಕೈಕಾಲು ತೊಳೆದು, ಅವರು ಹಿತ್ತಿಲ ಮೆಟ್ಟಿಲಿಗೆ ಬರುವರು. ಅತ್ತೆ ಬತ್ತಿ ಹೊಸೆಯುತ್ತ ಒಂದು ಕಡೆ, ನಾನು ಸೊಪ್ಪು ಬಿಡಿಸುತ್ತ ಇನ್ನೊಂದು ಕಡೆ. ದೊಡ್ಡ ಮಾತೇನಲ್ಲ. ಸಿದ್ದಾಪುರದ ಹತ್ತಿರ ಸೈಕಲ್ಲಿಗೆ ಅಡ್ಡ ಬಂದ ಎಮ್ಮೆಯ ವಿಷಯ, ಚಿಕ್ಕಂದಿನಲ್ಲಿ ಕೆರೆಯಲ್ಲಿ ಮುಳುಗಿಹೋಗುವುದರಲ್ಲಿದ್ದದ್ದು, ಸ್ಟೋರ್ಸಿನ ಕಿಟಕಿಯಲ್ಲಿ ಗೂಡು ಕಟ್ಟಿದ ಗುಬ್ಬಿ. ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನೆಲ್ಲ ಒಂದೊಂದಾಗಿ ತೆಗೆದು ನಮ್ಮ ಮುಂದೆ ಹರಡಿದ ಹಾಗೆ. ನಾನು ಮಧ್ಯಾಹ್ನದಿಂದಲೇ ಸಂಜೆಗಾಗಿ ಕಾಯತೊಡಗಿದೆ. ನನ್ನನ್ನೂ ಕೇಳುವರು, ನಂಜನಗೂಡಿನಲ್ಲಿ ಹೊಳೆ ಬಂದರೆ ಹೇಗಿರುತ್ತದೆ ಎಂದು. ಆ ಮನೆಗೆ ಕಾಲಿಟ್ಟ ಮೇಲೆ ಯಾರಾದರೂ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

ಒಂದು ದಿನ ಅತ್ತೆಯೇ ಅಂದರು. "ನಮ್ಮ ಹತ್ರ ಆಡಿದ್ದು ಸಾಕು. ಆಡಬೇಕಾದ ಕಡೆ ಹೋಗಿ ಆಡು."

ಅವರು ಮುಂದಿನ ಭಾನುವಾರ ಕನಕಪುರ ರಸ್ತೆಯ ಬಸ್ಸು ಹಿಡಿದರು. ಸಂಜೆ ಹಿಂದಿರುಗಿದವರ ಬೆರಳುಗಳೆಲ್ಲ ಹಸಿರು. ಆಕೆ ಅಣ್ಣನ ಮನೆಯಲ್ಲಿ ರೇಷ್ಮೆ ಹುಳ ಸಾಕಿಕೊಂಡಿದ್ದಳು.

"ಬೈಲಿಲ್ಲ. ಬಾ ಅಂತಾನೂ ಅನ್ಲಿಲ್ಲ. ಸೊಪ್ಪು ಹೆಚ್ತಾ ಕೂತಿದ್ಲು. ನಾನೂ ಕೂತ್ಕೊಂಡು ಹೆಚ್ಚಿದೆ."

"ಮಾತಾಡಿದೆಯೋ ಇಲ್ವೋ?" ಅತ್ತೆ ತಡೆಯಲಾರದೆ ಕೇಳಿದರು.

"ಇಲ್ಲಿ ಬಂದಷ್ಟು ಬರಲಿಲ್ಲ… ಮನೆಗೆ ಬಾ ಅಂದೆ. ಈ ಹುಳ ಗೂಡು ಕಟ್ಟಲಿ, ನೋಡಾನ ಅಂದ್ಲು."

ನೋಡಾನ ಎಂಬ ಆ ಒಂದು ಮಾತು ಹಿಡಿದುಕೊಂಡು ಅವರು ಔಟ್‌ಹೌಸಿಗೆ ಸುಣ್ಣ ಹೊಡೆದರು. ಕಿಟಕಿಯ ಮುರಿದ ಗಾಜು ಹಾಕಿಸಿದರು. ಅಷ್ಟರಲ್ಲಿ ಲ್ಯಾಬಿನವರು ಎರಡನೇ ಪರೀಕ್ಷೆಗೆ ಕರೆದರು. ಈ ಸಲ ಒಂದು ಹೊಸ ಯಂತ್ರ ಕೂರಿಸಿದ್ದಾರೆ, ಹೋದ ಸಲದ ಹಾಗೆ ಹೊರಗಿನಿಂದ ಗಾಳಿ ಕೊಡುವುದಿಲ್ಲ, ಒಳಗಿರುವವರು ಬಿಟ್ಟ ಉಸಿರನ್ನೇ ತೊಳೆದು ಮತ್ತೆ ಅವರಿಗೇ ಕೊಡುತ್ತದೆ ಎಂದು ಮೆಟ್ಟಿಲ ಮೇಲೆ ಕೂತು ನಮಗೆ ವಿವರಿಸಿದರು. ಆಕಾಶಕ್ಕೆ ಹೋದವರಿಗೆ ಅಲ್ಲಿ ಗಾಳಿ ಎಲ್ಲಿಂದ ಬರಬೇಕು?

"ಉಸಿರನ್ನ ತೊಳೆಯೋದಾ? ಅದೇನು ಬಟ್ಟೆನಾ?" ಅತ್ತೆಗೆ ನಂಬಿಕೆ ಬರಲಿಲ್ಲ. "ಯಂತ್ರ ಕೆಟ್ಟು ನಿಂತ್ರೆ?"

"ಅದು ನಿಲ್ಲುತ್ತೋ ಇಲ್ವೋ ನೋಡೋದಕ್ಕೇ ಅಲ್ವಾ ಅಮ್ಮಾವ್ರೇ ನಾನು ಹೋಗೋದು? ಹೋದ ಸಲದ ಲೆಕ್ಕ ನನ್ನ ಮೈಯದು, ಬೇರೆಯವರನ್ನ ಹಾಕಿದ್ರೆ ತಾಳೆ ಆಗಲ್ವಂತೆ. ಹುಳ ಗೂಡು ಕಟ್ಟೋಷ್ಟರಲ್ಲಿ ಬಂದ್ಬಿಡ್ತೀನಿ."

ಹುಳ ಗೂಡು ಕಟ್ಟಲಿಲ್ಲ. ಅವರು ಒಳಗೆ ಹೋಗಿ ನಾಲ್ಕಾರು ದಿನಗಳಾಗಿರಬೇಕು, ಒಂದು ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಗಿಡ್ಡ ಮೈಕಟ್ಟು, ಬರಿಗಾಲು, ತಲೆಯ ಮೇಲೆ ತಗಡಿನ ಟ್ರಂಕು. ಅತ್ತೆ ನೋಡಿದವರೇ, "ಬಂದ್ಯೇನೇ!" ಎಂದು ಕೂಗಿದರು. ಹುಳಕ್ಕೆ ಸುಣ್ಣಕಟ್ಟು ರೋಗ ಬಂದು ಇಡೀ ಬೆಳೆ ಹೋಯಿತಂತೆ. ತಟ್ಟೆ ತಟ್ಟೆಯನ್ನೇ ಗುಂಡಿಗೆ ಸುರಿದು, ಕೈ ತೊಳೆದುಕೊಂಡು, ಇನ್ನು ಯಾಕೆ ಕಾಯುವುದು ಎಂದು ಹೊರಟು ಬಂದಿದ್ದಳು. ಬಂದರೆ ಔಟ್‌ಹೌಸಿಗೆ ಬೀಗ.

ವಿಷಯ ತಿಳಿಸಿದಾಗ ಆಕೆಯ ಮುಖ ಬಿಳುಚಿಕೊಂಡಿತು. "ಕಬ್ಬಿಣದ ಪೆಟ್ಟಿಗೆಗಾ? ಉಸಿರು ಕಟ್ಟಲ್ವಾ?" ನಾನು ಉಸಿರು ತೊಳೆಯುವ ಯಂತ್ರದ ವಿಷಯ ಹೇಳಿದೆ. ಅದನ್ನು ಕೇಳಿದ ಮೇಲಂತೂ ಕೂತಲ್ಲಿ ಕೂರಲಿಲ್ಲ. ಕೊಟ್ಟ ಕಾಫಿ ಮುಟ್ಟಲಿಲ್ಲ. "ನಾನು ಬಂದಿದ್ದೀನಿ ಅಂತ ಒಂದು ಮಾತು ತಿಳಿಸಬೇಕು, ಆಚೆಗೆ ಬರ್ತಾರೆ," ಎಂದಳು. ಅತ್ತೆ ನನ್ನ ಮುಖ ನೋಡಿದರು. ನಾನು ಸೀರೆ ಬದಲಾಯಿಸಿ ಆಕೆಯ ಜೊತೆ ಹೊರಟೆ. ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿದೆವು. ದಾರಿಯುದ್ದಕ್ಕೂ ಆಕೆ ನನ್ನ ಮೊಣಕೈ ಬಿಡಲಿಲ್ಲ.

ಲ್ಯಾಬಿನ ಗೇಟಿನಲ್ಲಿ ಬಹಳ ಹೊತ್ತು ನಿಲ್ಲಿಸಿದರು. ಕೊನೆಗೆ ಡಾಕ್ಟರೇ ಹೊರಗೆ ಬಂದರು. ಚಿಕ್ಕ ವಯಸ್ಸಿನವರು, ಕನ್ನಡಕ, ಸರಿಯಾಗಿ ನಿದ್ದೆಯಿಲ್ಲದ ಕಣ್ಣು. ಎಲ್ಲ ಕೇಳಿಕೊಂಡು ತಲೆಯಾಡಿಸಿದರು.

"ಇಲ್ಲಮ್ಮಾ. ಹೊರಗಿನ ಯಾವ ಸುದ್ದಿನೂ ಒಳಗೆ ಹೋಗೋ ಹಾಗಿಲ್ಲ. ಸಂತೋಷದ್ದಾದ್ರೂ ಅಷ್ಟೇ, ದುಃಖದ್ದಾದ್ರೂ ಅಷ್ಟೇ. ಎದೆ ಬಡಿತ ಬದಲಾಗುತ್ತೆ, ಉಸಿರು ಬದಲಾಗುತ್ತೆ. ಇಷ್ಟು ದಿನ ಮಾಡಿದ್ದೆಲ್ಲ ದಂಡ ಆಗುತ್ತೆ."

"ಬದುಕವ್ರಾ ಅಂತ ನಾನೆಂಗೆ ತಿಳ್ಕೊಳ್ಲಿ?" ಎಂದಳು ಆಕೆ. ಜೋರಾಗಿಯಲ್ಲ. ಅಂಗಡಿಯಲ್ಲಿ ಏನೋ ಕೇಳಿದ ಹಾಗೆ.

ಡಾಕ್ಟರು ಗಡಿಯಾರ ನೋಡಿಕೊಂಡರು. ಏನೋ ಯೋಚಿಸಿದರು. "ಒಳಗೆ ಹೋಗೋ ಹಾಗಿಲ್ಲ ಅಂದೆ. ಒಳಗಿಂದ ಬರೋದನ್ನ ಕೇಳಿಸ್ಕೊಳ್ಳೋಕೆ ಅಡ್ಡಿಯಿಲ್ಲ. ಬನ್ನಿ. ಒಂದು ಸದ್ದೂ ಮಾಡಬಾರದು."

ಅದು ಸಣ್ಣ ಕೋಣೆ. ಒಂದು ಗೋಡೆಯ ತುಂಬ ಮುಳ್ಳು ಅಲುಗಾಡುವ ಮೀಟರುಗಳು. ಮೇಜಿನ ಮೇಲೆ ಬಟ್ಟೆಯ ಮುಖದ ಒಂದು ಪೆಟ್ಟಿಗೆ. ಗೋಡೆಯಾಚೆ ಎಲ್ಲೋ ಆ ಯಂತ್ರ ಗುಂಯ್ ಎನ್ನುತ್ತಿತ್ತು. ನಮ್ಮನ್ನು ಎರಡು ಸ್ಟೂಲಿನ ಮೇಲೆ ಕೂರಿಸಿ ಡಾಕ್ಟರು ಒಂದು ಸ್ವಿಚ್ಚು ಒತ್ತಿದರು.

ತಲೆನೋವಿದೆಯಾ? ಇಲ್ಲ ಸಾರ್. ಉಸಿರು ಸರಾಗವಾಗಿದೆಯಾ? ಇದೆ ಸಾರ್, ಸ್ವಲ್ಪ ಸುಣ್ಣದ ವಾಸನೆ ಬರುತ್ತೆ. ಅವರ ದನಿ ಕೇಳಿದ ಕೂಡಲೇ ಆಕೆಯ ಹಿಡಿತ ನನ್ನ ಮೊಣಕೈ ಮೇಲೆ ಬಿಗಿಯಾಯಿತು.

"ಈಗ ಏನು ಯೋಚನೆ ಮಾಡ್ತಿದ್ದೀರಿ?"

"ತಟ್ಟೆ ಯೋಚನೆ ಸಾರ್." ಸ್ವಲ್ಪ ತಡೆದು ದನಿ ಮುಂದುವರಿಯಿತು. "ಮನೇಲಿ ಒಂದೇ ತಟ್ಟೆ ಇರೋದು. ಮೊದಲು ಎರಡಿತ್ತು. ಅವಳು ಹೋದ ಮೇಲೆ ಆ ಇನ್ನೊಂದನ್ನ ನೋಡಕ್ಕಾಗದೆ ನಮ್ಮ ಜವಾನನಿಗೆ ಕೊಟ್ಬಿಟ್ಟೆ. ಆಚೆಗೆ ಬಂದ ಮೇಲೆ ಅಂಚಿರೋ ತಟ್ಟೆ ಒಂದು ತರಬೇಕು. ಅವಳಿಗೆ ಸಾರು ಜಾಸ್ತಿ ಬೇಕು, ಅಂಚಿಲ್ದಿದ್ರೆ ಚೆಲ್ಲುತ್ತೆ…"

ಡಾಕ್ಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

"ಅವಳು ಬೆಳಿಗ್ಗೆ ಗುಡಿಸುವಾಗ ಹಾಡ್ತಾಳೆ ಸಾರ್. ನಾನು ಒಳಗೆ ಕೂತು ಕೇಳ್ತಿದ್ದೆ. ಎದ್ದು ಆಚೆಗೆ ಬಂದ್ರೆ ನಿಲ್ಲಿಸಿಬಿಡ್ತಾಳೆ ಅಂತ ಬರ್ತಾನೇ ಇರಲಿಲ್ಲ. ಆಮೇಲೆ ಒಳಗೆ ಬಂದು ಕೇಳೋಳು, ಏನು ಯೋಚನೆ ಮಾಡ್ತಾ ಕೂತಿದ್ದೀರಿ ಅಂತ. ಏನಿಲ್ಲ ಅಂತಿದ್ದೆ. ಅದೇ ಯೋಚನೆ ಸಾರ್. ಅವಳ ಹಾಡೇ ಯೋಚನೆ. ಅಷ್ಟು ಹೇಳಿದ್ರೆ ಆಗ್ತಿತ್ತು… ನಾಲಿಗೆ ಏಳಲಿಲ್ಲ."

ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನನ್ನ ಕಣ್ಣಿಗೆ ಮೀಟರಿನ ಮುಳ್ಳುಗಳೆಲ್ಲ ಮಸುಕಾದವು.

ಸ್ವಿಚ್ಚು ಆರಿಸಿದ ಮೇಲೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಹೊರಬಾಗಿಲಿಗೆ ಬಂದಾಗ ಆಕೆ ಅವರ ಕಡೆ ತಿರುಗಿದಳು. "ನಾ ಇಲ್ಲಿಗೆ ಬಂದಿದ್ದು ಹೇಳ್ಬೇಡಿ ಸ್ವಾಮಿ. ಆಮೇಲೂ ಹೇಳ್ಬೇಡಿ. ಕೇಳಿಸ್ಕೊಂಡ್ಲು ಅಂತ ತಿಳಿದ್ರೆ ಮತ್ತೆ ಬಾಯಿ ಮುಚ್ಕೋತಾರೆ." ನನಗೂ ಅದನ್ನೇ ಹೇಳಿದಳು. ಮಾರ್ಕೆಟ್ಟಿನಲ್ಲಿ ಇಳಿದು, ಪಾತ್ರೆ ಅಂಗಡಿಯಲ್ಲಿ ಒಂದೊಂದೇ ತಟ್ಟೆ ತಿರುಗಿಸಿ ನೋಡಿ, ಎತ್ತರದ ಅಂಚಿದ್ದ ಒಂದನ್ನು ಕೊಂಡಳು.

ಪರೀಕ್ಷೆ ಮುಗಿಯುವ ತನಕ ಆಕೆ ಔಟ್‌ಹೌಸಿನಲ್ಲಿ ಒಬ್ಬಳೇ ಇದ್ದಳು. ಯಂತ್ರ ಕೊನೆಯವರೆಗೂ ನಿಲ್ಲಲಿಲ್ಲ. ಅವರು ಬಿಡುಗಡೆಯಾದ ದಿನ ನಾನು ಅಡುಗೆಮನೆ ಕಿಟಕಿಯಲ್ಲಿದ್ದೆ. ಸೈಕಲ್ ತಳ್ಳಿಕೊಂಡು ಬಂದರು, ಗಡ್ಡ ಬಿಟ್ಟ ಮುಖ, ಕ್ಯಾರಿಯರಿಗೆ ದಾರದಿಂದ ಕಟ್ಟಿದ ಒಂದು ತಟ್ಟೆ. ಹಿತ್ತಲಿನಲ್ಲಿ ಆಕೆ ಗುಡಿಸುತ್ತಿದ್ದಳು. ಹಾಡುತ್ತಿದ್ದಳು. ಇವರು ಬಾವಿಕಟ್ಟೆಯ ಹತ್ತಿರ ನಿಂತುಬಿಟ್ಟರು. ಆಕೆ ನೋಡಿದಳು. ಆದರೆ ಹಾಡು ನಿಲ್ಲಿಸಲಿಲ್ಲ, ಬೇಕೆಂದೇ ಕೊನೆಯ ತನಕ ಹಾಡಿ ಮುಗಿಸಿ, ಆಮೇಲೆ ಪೊರಕೆ ಕೆಳಗಿಟ್ಟಳು. ನಾನು ಕಿಟಕಿಯಿಂದ ಈಚೆ ಸರಿದುಕೊಂಡೆ.

ಹಾಗೆ ಅವರು ಮತ್ತೆ ಸಂಸಾರ ಹೂಡಿದರು. ನನಗೆ ಸಂತೋಷವಾಗಿತ್ತು, ಅದು ಸುಳ್ಳಲ್ಲ. ಆದರೆ ಸಂಜೆ ಅವರು ಮೆಟ್ಟಿಲಿಗೆ ಬರುವುದು ಕಡಿಮೆಯಾಯಿತು, ಬರಬರುತ್ತ ನಿಂತೇಹೋಯಿತು. ಯಾಕೆ ಬರಬೇಕು? ಔಟ್‌ಹೌಸಿನ ಕಿಟಕಿಯಿಂದ ಇಬ್ಬರ ಮಾತಿನ ಗುಜುಗುಜು ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ನಾನು ಸೊಪ್ಪು ಬಿಡಿಸುತ್ತ ಒಬ್ಬಳೇ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಆ ದಿನಗಳ ಒಂಟಿತನ ಮೊದಲಿನದ್ದಕ್ಕಿಂತ ಬೇರೆ ಥರದ್ದು. ಮೊದಲು ಏನು ಇಲ್ಲ ಎಂದು ಗೊತ್ತಿರಲಿಲ್ಲ. ಈಗ ಗೊತ್ತಾಗಿತ್ತು.

ನಮ್ಮವರು ಕ್ಯಾಂಪಿನಿಂದ ಬಂದಾಗ ಒಂದು ಸಲ, ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದವರನ್ನು ಕೇಳಿದೆ, ಏನು ಯೋಚನೆ ಮಾಡ್ತಿದ್ದೀರಿ ಎಂದು. "ಏನಿಲ್ಲ. ಯಾಕೆ?" ಎಂದರು. ನಾನೂ ಏನಿಲ್ಲ ಎಂದೆ. ಒಳ್ಳೆಯ ಮನುಷ್ಯ. ನಲವತ್ತು ವರ್ಷ ಒಟ್ಟಿಗೆ ಬಾಳಿದೆವು. ಕೆಟ್ಟ ಮಾತು ಒಂದೂ ಆಡಿದವರಲ್ಲ…

ಔಟ್‌ಹೌಸಿನವರು ಆಮೇಲೆ ಹೆಚ್ಚು ಕಾಲ ಇಲ್ಲಿರಲಿಲ್ಲ. ಕೇರಳದ ಕಡಲ ತೀರದಲ್ಲಿ ರಾಕೆಟ್ ಹಾರಿಸುವ ಜಾಗಕ್ಕೆ ಸ್ಟೋರ್ಸಿನ ಕೆಲಸ ಬಲ್ಲವರು ಬೇಕೆಂದು ಅವರನ್ನು ಕಳಿಸಿದರು. ಜಟಕಾದಲ್ಲಿ ಟ್ರಂಕು, ಹಾಸಿಗೆ ಸುರುಳಿ, ಗೋಣಿಚೀಲದಲ್ಲಿ ಪಾತ್ರೆ. ಅತ್ತೆಗೆ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿ, "ಬರ್ತೀನಮ್ಮಾ. ನಂಜನಗೂಡಿನ ಹೊಳೆ ಒಂದ್ಸಲ ನೋಡ್ಬೇಕು," ಎಂದರು. ನೋಡಿದರೋ ಇಲ್ಲವೋ. ನಾನು ಅವರನ್ನು ಮತ್ತೆ ನೋಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅತ್ತೆಯೂ ಹೋದ ಮೇಲೆ, ಆಕೆ ಒಬ್ಬಳೇ ಬಂದಳು. ಹಣೆ ಬರಿದಾಗಿತ್ತು. ಏನೋ ಜ್ವರ ಎಂದು ಮಲಗಿದವರು ಏಳಲಿಲ್ಲವಂತೆ. ಹಿತ್ತಿಲ ಮೆಟ್ಟಿಲ ಮೇಲೆಯೇ ಕೂತಳು, ಒಳಗೆ ಕರೆದರೂ ಬರಲಿಲ್ಲ. ಅಳಲಿಲ್ಲ, ನಗುತ್ತಲೇ ಹೇಳಿದಳು. "ಕೊನೆಕೊನೆಗೆ ಅದೇನು ಮಾತಕ್ಕಾ ಅವ್ರದು! ಸಾಕು ಸುಮ್ಕಿರಿ ಅಂತ ನಾನೇ ಗದರಿಸ್ತಿದ್ದೆ." ಎದ್ದು ಹೊರಡುವಾಗ ಮಾತ್ರ ನನ್ನ ಮೊಣಕೈ ಹಿಡಿದುಕೊಂಡು ಅಂದಳು. "ಅವತ್ತು ಅಲ್ಲಿ ಕೂತು ಕೇಳಿದ್ದನ್ನ ಅವ್ರಿಗೆ ಹೇಳ್ಲೇ ಇಲ್ಲ ಕಣಕ್ಕಾ. ಇವತ್ತು ಹೇಳಾನ, ನಾಳೆ ಹೇಳಾನ ಅಂತ… ಹಂಗೇ ಆಗೋಯ್ತು."

ಈಗ ಔಟ್‌ಹೌಸಿದ್ದ ಜಾಗದಲ್ಲಿ ಮೇಲಿನ ಮನೆಯವರ ಕಾರು ನಿಲ್ಲುತ್ತದೆ. ಬಾವಿ ಮುಚ್ಚಿ ಯಾವ ಕಾಲವಾಯಿತೋ. ನಮ್ಮವರೂ ಹೋದರು. ಮೊನ್ನೆ ಟೀವಿಯಲ್ಲಿ ನಮ್ಮ ದೇಶದ ಹುಡುಗ ಹುಡುಗಿಯರು ಆಕಾಶಕ್ಕೆ ಹೋಗಲು ತಯಾರಾಗುವುದನ್ನು ತೋರಿಸಿದರು. ಮುಚ್ಚಿದ ಕೋಣೆ, ಉಸಿರನ್ನು ಶುದ್ಧ ಮಾಡುವ ಯಂತ್ರ, ಎಲ್ಲ ಇತ್ತು. ಕೆಲಸದ ಹುಡುಗಿಗೆ ಹೇಳೋಣವೆಂದು ಬಾಯಿ ತೆರೆದೆ. ಅವಳಿಗೆ ಇನ್ನೆರಡು ಮನೆಯ ಕೆಲಸವಿತ್ತು, ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಳು.

ಆಕೆಯ ಸುದ್ದಿಯೂ ಆಮೇಲೆ ಬರಲಿಲ್ಲ. ಇದ್ದರೆ ಈಗ ತೊಂಬತ್ತು ದಾಟಿರಬೇಕು. ಆ ಡಾಕ್ಟರು ಎಲ್ಲಿದ್ದಾರೋ ಗೊತ್ತಿಲ್ಲ. ಅಂದು ಆ ಪೆಟ್ಟಿಗೆಯ ಮುಂದೆ ಕೂತು ಕೇಳಿದವರಲ್ಲಿ ಉಳಿದಿರುವವಳು ಬಹುಶಃ ನಾನೊಬ್ಬಳೇ. ಔಟ್‌ಹೌಸಿನವರು ಮಾತ್ರ, ತಾವು ಗೋಡೆಗೆ ಹೇಳಿದ್ದನ್ನು ಕೇಳಬೇಕಾದವಳೇ ಕೇಳಿದ್ದಳೆಂದು ತಿಳಿಯದೆಯೇ ಹೋದರು.